ದೊರೆಸಾನಿಯ ಮಂಚ

ಹಾರನಹಳ್ಳಿ, ಪಿರಿಯಾಪಟ್ಟಣ ತಾಲ್ಲೂಕು
ಬಹುಧಾನ್ಯ ಸಂವತ್ಸರದ ಕಾರ್ತಿಕ ಬಹುಳ ಪಂಚಮಿ, ಶನಿವಾರ
ತಾ. 12-11-1938

ತುಂಬಿದ ಬಸುರಿ, ನನ್ನ ನಾದಿನಿ ಚಿಕ್ಕಬೀರಮ್ಮನಿಗೆ ನಿನ್ನ ಅತ್ತಿಗೆ ಸಿದ್ದಲಿಂಗಮ್ಮ ಮಾಡುವ ಆಶೀರ್ವಾದ. ಮನಸಾರೆ ಮಾಡಿದ್ದೇನೋ, ಕಾಗದದ ಮರ್ಯಾದೆಗೆ ಬರೆದಿದ್ದೇನೋ, ಓದಿ ಮುಗಿಸಿದ ಮೇಲೆ ನೀನೇ ತೀರ್ಮಾನ ಮಾಡು.

ಹೇಗಿದ್ದೀಯ ತಾಯಿ? ಕಾಲು ಊದಿಕೊಂಡಿವೆಯೇ? ಎದೆಯುರಿ ಇದ್ದರೆ ಜೀರಿಗೆ ಕಷಾಯ ಕುಡಿ. ನಿನ್ನ ಗಂಡನ ಊರು ಕೋಟೆಯ ಕಡೆ ಕಾಡಿನ ಚಳಿ ಜಾಸ್ತಿ ಎನ್ನುತ್ತಾರೆ, ಕಿವಿಗೆ ಬಟ್ಟೆ ಕಟ್ಟಿಕೊಳ್ಳದೆ ಹೊರಗೆ ಹೋಗಬೇಡ. ಮಲಗುವಾಗ ಎಡಮಗ್ಗುಲಿಗೆ ಮಲಗು. ಮಾವ ತರುತ್ತಿರುವ ಕಂಬಳಿಯನ್ನು ಸುರುಳಿ ಸುತ್ತಿ ಎರಡು ಮಂಡಿಯ ನಡುವೆ ಇಟ್ಟುಕೋ, ಸೊಂಟಕ್ಕೆ ಹಾಯೆನಿಸುತ್ತದೆ. ಅಂಗಾತ ಮಾತ್ರ ಮಲಗಬೇಡ. ಇಷ್ಟುದ್ದದ ಕಾಗದ ಬರೆಯುತ್ತಿರುವುದೇ ಈ ಒಂದು ಮಾತಿಗಾಗಿ ಎಂದುಕೋ.

ಇದನ್ನು ನಿನ್ನ ಯಜಮಾನರ ಕೈಗೆ ಕೊಟ್ಟು ಓದಿಸಬೇಡ. ಹಿತ್ತಿಲಲ್ಲಿ ಒಬ್ಬಳೇ ಕೂತು ಓದು. ನಿನಗೆ ಓದಲು ಕಲಿಸಿದ್ದು ಯಾರು ಎಂಬುದನ್ನು ನೀನು ಮರೆತಿರಲಾರೆ. ನಾನು ಚುಂಚನಕಟ್ಟೆಯಿಂದ ಈ ಮನೆಗೆ ಸೊಸೆಯಾಗಿ ಬಂದ ವರ್ಷ, ರಾಗಿ ಬೀಸುತ್ತಾ, ಬೀಸುಕಲ್ಲಿನ ಸುತ್ತ ಬಿದ್ದ ಹಿಟ್ಟಿನ ಮೇಲೆ ಬೆರಳಾಡಿಸಿ ಅ ಆ ಇ ಈ ತೋರಿಸಿದವಳು ನಾನು. ನಿನ್ನ ಹೆಸರು ಬರೆದುಕೊಟ್ಟಾಗ, "ನನ್ನೆಸ್ರು ಇಷ್ಟುದ್ದ ಐತಾ ಅತ್ಗೆ" ಎಂದು ನಕ್ಕಿದ್ದೆ. ಒಂದೇ ತಟ್ಟೆಯಲ್ಲಿ ಉಂಡವರು ನಾವು, ಒಂದೇ ಕಂಬಳಿ ಹೊದ್ದವರು. ಅದಕ್ಕೇ ನಿಮ್ಮವ್ವ ಮಾಡಿದ್ದಕ್ಕಿಂತ ನೀನು ಮಾಡಿದ್ದು ನನಗೆ ಹೆಚ್ಚು ಸುಡುತ್ತದೆ.

ವಿಷಯಕ್ಕೆ ಬರುತ್ತೇನೆ. ದೀಪಾವಳಿಗೆ ಬಂದಿದ್ದ ನಿನ್ನ ಯಜಮಾನ ದೇವರಾಜು ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಾ ನಿನ್ನ ಮಾತು ಮುಟ್ಟಿಸಿದರು. "ಮುಂದಿನ ತಿಂಗ್ಳು ಎರಿಗೆಗೆ ಕರ್ಕೊಂಡೋಗಿ ಅಂದವ್ಳೆ, ಅಕ್ಕ. ದೊರೆಸಾನಿ ಮಂಚ ಒಪ್ಪ ಮಾಡಿ ಮಡಗ್ಬೇಕಂತೆ. ತಾನೂ ಅದ್ರ ಮ್ಯಾಲೇ ಎರ್ಬೇಕಂತೆ." ಪಾಪ, ಆ ಮನುಷ್ಯನಿಗೆ ಏನು ಗೊತ್ತು? ಹೇಳಿ, ಎಲೆ ಉಗುಳಿ, ನಕ್ಕರು. ನಾನೂ ನಕ್ಕೆ. ಈ ಕಾಗದ ಆ ಮಾತಿಗೆ ನನ್ನ ಜವಾಬು.

ಆ ಮಂಚದ ಕಥೆ ನಿನಗೂ ಗೊತ್ತು. ಆದರೂ ಬರೆಯುತ್ತೇನೆ, ಬರೆದರೆ ನನ್ನ ಹೊಟ್ಟೆಯುರಿ ಒಂದಿಷ್ಟು ಆರುತ್ತದೆ. ಮಾವ ಕಂಬಳಿ ಹೊತ್ತು ಕೊಡಗಿನ ಕಾಫಿ ತೋಟಗಳಿಗೆ ಹೋಗುತ್ತಿದ್ದರಲ್ಲ, ಅಲ್ಲಿ ಒಬ್ಬ ಬಿಳಿ ದೊರೆ ತೋಟ ಬಿಟ್ಟು ತನ್ನ ಸೀಮೆಗೆ ಹೊರಟ. ಹೊರಡುವಾಗ ಮಾವನ ಕಂಬಳಿಗಳನ್ನೂ ಎರಡು ಟಗರನ್ನೂ ತೆಗೆದುಕೊಂಡು, ಬದಲಿಗೆ ಈ ಕಬ್ಬಿಣದ ಮಂಚ ಕೊಟ್ಟ. ನಾಲ್ಕು ಮೂಲೆಗೂ ಹಿತ್ತಾಳೆಯ ಗುಂಡು. ಗಾಡಿಯಲ್ಲಿ ಬಂದಿಳಿದಾಗ ಊರಿಗೆ ಊರೇ ನೋಡಲು ನೆರೆದಿತ್ತು. ನಮ್ಮ ಬಾಗಿಲಲ್ಲಿ ಹಿಡಿಸದೆ ಬಾಗಿಲುವಾಡ ಕಿತ್ತು ಒಳಗೆ ತಂದರು. ದೊರೆಸಾನಿ ತನ್ನ ಮಕ್ಕಳನ್ನು ಇದೇ ಮಂಚದ ಮೇಲೆ ಅಂಗಾತ ಮಲಗಿ ಹೆತ್ತಳೆಂದು ದೊರೆಯ ಅಡುಗೆಯವನು ಮಾವನಿಗೆ ಹೇಳಿದ್ದನಂತೆ. ಮಾವ ಅದನ್ನು ಹರಟೆಗೆ ಹೇಳಿದರು. ನಿಮ್ಮವ್ವ ಅದನ್ನು ವೇದವಾಕ್ಯ ಮಾಡಿಕೊಂಡರು.

ನಮ್ಮ ಕುರುಬರಲ್ಲಿ ಹೆರಿಗೆ ಎಂದರೆ ಏನು, ನೀನೇ ಹೇಳು. ನೆಲದ ಮೇಲೆ ಕಂಬಳಿ, ತೊಲೆಗೆ ಬಿಗಿದ ಹಗ್ಗ, ಬೆನ್ನಿಗೆ ಒಬ್ಬ ಹೆಂಗಸು. ಬೆನ್ನು ಕೊಡುವವಳು ಗೋಡೆಗೆ ಒರಗಿ ಕೂತು, ಬಸುರಿಯನ್ನು ತನ್ನ ಮಂಡಿಗಳ ನಡುವೆ ಕುಕ್ಕರಗಾಲಿನಲ್ಲಿ ಕೂರಿಸಿಕೊಂಡು, ಕಂಕುಳಿಗೆ ಕೈಕೊಟ್ಟು ಹಿಡಿಯಬೇಕು. ಬಸುರಿಯ ಭಾರವೆಲ್ಲ ಅವಳ ಮೇಲೆ. ಪರಚಿದರೂ ಕಚ್ಚಿದರೂ ಬಿಡುವ ಹಾಗಿಲ್ಲ. ನಿಮ್ಮವ್ವ ನಿಮ್ಮಣ್ಣನನ್ನೂ ನಿನ್ನನ್ನೂ ಹೆತ್ತದ್ದು ಹಾಗೆಯೇ. ಅವರ ಅತ್ತೆ ಬೆನ್ನು ಕೊಟ್ಟಿದ್ದರಂತೆ, ಅವರೇ ಎಷ್ಟು ಸಲ ಹೇಳಿದ್ದಾರೆ. ಆದರೆ ಮನೆಗೆ ಮಂಚ ಬಂದದ್ದೇ ತಡ, ಅದೆಲ್ಲ ಕೂಲಿನಾಲಿಯವರ ಹೆರಿಗೆಯಾಗಿಹೋಯಿತು!

ಚೊಚ್ಚಲ ಹೆರಿಗೆ ತವರಿನದು ಎಂದು ನನ್ನವ್ವ ಗಾಡಿ ಕಟ್ಟಿಸಿಕೊಂಡು ಬಂದಿದ್ದಳು. ಮಡಿಲು ತುಂಬಲು ಅಕ್ಕಿ, ಬೆಲ್ಲ, ಕುಬುಸದ ಬಟ್ಟೆ ಎಲ್ಲಾ ತಂದಿದ್ದಳು. ನಿಮ್ಮವ್ವ ಬಾಗಿಲಲ್ಲೇ ನಿಂತು ಕೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. "ನಿಮ್ಮನೇಲಿ ಮಂಚ ಐತಾ ಬೀಗ್ತಿ? ಇಲ್ದಿದ್ರೆ ಕರ್ಕೊಂಡೋಗಿ ಯಾವ ನೆಲದ ಮ್ಯಾಲೆ ಎರಿಗೆ ಮಾಡ್ಸೀಯೆ?" ನನ್ನವ್ವ ಬಂದ ಗಾಡಿಯಲ್ಲೇ ವಾಪಸು ಹೋದಳು. ಆ ಅಕ್ಕಿ ಬೆಲ್ಲವನ್ನು ನನ್ನ ಮಡಿಲಿಗೆ ಹಾಕಲಿಲ್ಲ, ಜಗಲಿಯ ಮೇಲೆ ಇಟ್ಟುಹೋದಳು. ಹೋದ ಬೇಸಿಗೆಯಲ್ಲಿ ಅವಳು ತೀರಿಕೊಂಡಾಗಲೂ ನನಗೆ ನೆನಪಾದದ್ದು ಆ ಅಕ್ಕಿಯ ಗಂಟೇ.

ಆಮೇಲಿನದು ನಿನಗೆ ಗೊತ್ತು, ನೀನು ಅಲ್ಲೇ ಇದ್ದೆ. ಬೆಳಿಗ್ಗೆ ನೋವು ಶುರುವಾದಾಗ ನಾನು ಅಂಗಳದಲ್ಲಿ ಕಂಬ ಹಿಡಿದು ಓಡಾಡುತ್ತಿದ್ದೆ, ತಡೆದುಕೊಳ್ಳುವ ಹಾಗಿತ್ತು. ಸೂಲಗಿತ್ತಿ ಕುಳ್ಳಮ್ಮ ಬಂದವಳೇ ತೊಲೆಯ ಕಡೆ ನೋಡಿ "ಅಗ್ಗ ಎಲ್ಲವ್ವ?" ಎಂದಳು. ನಿಮ್ಮವ್ವ ಮಂಚ ತೋರಿಸಿದರು. ಅವಳು ಒಂದು ಗಳಿಗೆ ತಲೆ ಕೆರೆದುಕೊಂಡು, ಕೊಡುವ ಸೀರೆಯ ಆಸೆಗೋ, ನಿಮ್ಮವ್ವನ ಬಾಯಿಗೆ ಹೆದರಿಯೋ, "ಆಯ್ತವ್ವ, ನೀವೇಳ್ದಂಗೆ" ಎಂದುಬಿಟ್ಟಳು. ಅವಳನ್ನೂ ನಾನು ಮರೆತಿಲ್ಲ. ನನ್ನನ್ನು ಮಂಚ ಹತ್ತಿಸಿ ಅಂಗಾತ ಮಲಗಿಸಿದರು. ಬೀರಮ್ಮಾ, ಅಷ್ಟು ಹೊತ್ತು ಹೊಟ್ಟೆಯಲ್ಲಿದ್ದ ನೋವು ಬೆನ್ನುಮೂಳೆಗೆ ಹೊಕ್ಕಿತು. ಕೂಸು ಎದೆಗೆ ಒದ್ದು ಮೇಲಕ್ಕೆ ಹತ್ತುತ್ತಿದೆಯೇನೋ ಎನ್ನಿಸಿತು. ಉಸಿರು ಸಾಲದೆ ಬಾಯಿ ಬಾಯಿ ಬಿಟ್ಟೆ.

ಮಧ್ಯಾಹ್ನ ಉಣ್ಣಲು ನೀವೆಲ್ಲ ಅಡುಗೆಮನೆಗೆ ಹೋದಿರಿ. ಆಗ ದೊಡ್ಡ ನೋವೊಂದು ಬಂತು. ಸತ್ತರೂ ಚಿಂತೆಯಿಲ್ಲ ಎಂದುಕೊಂಡು ಮಂಚದಿಂದ ಜಾರಿ ಕೆಳಗಿಳಿದೆ. ಮಂಡಿಯೂರಿ, ಹಣೆಯನ್ನು ಮಂಚದ ಪಟ್ಟಿಗೆ ಆನಿಸಿ, ಸೊಂಟವನ್ನು ಆಚೆಗೂ ಈಚೆಗೂ ತೂಗಿದೆ. ಯಾರೂ ಹೇಳಿಕೊಟ್ಟದ್ದಲ್ಲ, ಮೈಯೇ ಹೇಳಿಕೊಟ್ಟಿತು. ಅಯ್ಯೋ, ಆ ನೋವೇ ಬೇರೆಯಾಯಿತು ಕಣೇ! ಬೆನ್ನು ಸೀಳುತ್ತಿದ್ದದ್ದು ಸೊಂಟಕ್ಕೆ ಇಳಿಯಿತು, ಸೊಂಟದ್ದು ತೊಡೆಗೆ ಇಳಿಯಿತು. ಒಳಗೆ ಕೂಸು ಹೊರಳಿ ಕೆಳಕ್ಕೆ ಬಂದದ್ದು ನನಗೆ ತಿಳಿಯಿತು. ಇನ್ನೇನು ಬಂತು, ಬಂದೇಬಿಟ್ಟಿತು ಎಂದುಕೊಂಡು ಖುಷಿಗೆ ಒಬ್ಬಳೇ ಅತ್ತೆ.

ಅಷ್ಟರಲ್ಲಿ ನೀನು ನೀರು ಕೊಡಲು ಬಂದೆ. ನೋಡಿ, ನನ್ನ ಹೆಗಲಿಗೆ ಕೈ ಕೊಡಬಾರದಿತ್ತೇ? ಕೂಗಿದೆ. "ಅವ್ವಾ, ಅತ್ಗೆ ಕೆಳಕ್ಕಿಳ್ದವ್ಳೆ, ಬಾರವ್ವಾ!" ನೀವು ಮೂವರೂ ಸೇರಿ ನನ್ನನ್ನು ಎತ್ತಿ ಮತ್ತೆ ಅಂಗಾತ ಕೆಡವಿದಿರಿ. ನಿಮ್ಮವ್ವ ಮಂಡಿ ಒತ್ತಿದರು. ನೀನು ತಲೆಯ ಕಡೆ ನಿಂತು ನನ್ನ ಎರಡೂ ಭುಜ ಒತ್ತಿ ಹಿಡಿದೆ. ನಾನು ಏಳಲು ಹೋದಾಗಲೆಲ್ಲ ನೀನು ಹೇಳಿದ ಮಾತು ಇದು: "ಏಳ್ಬ್ಯಾಡ ಕಣತ್ಗೆ. ದೊರೆಸಾನಿ ಮನಗಿದ್ದ ಮಂಚ. ಮರ್ವಾದೆ ಕಳೀಬ್ಯಾಡ." ನಿನಗೆ ಆಗ ಮದುವೆ ಗೊತ್ತಾಗಿತ್ತು, ನಿನ್ನ ಕೈತುಂಬಾ ಹೊಸ ಬಳೆ. ಆ ಬಳೆಗಳು ನನ್ನ ಭುಜಕ್ಕೆ ಒತ್ತಿದ ಗುರುತು ಎಷ್ಟೋ ದಿನ ಹೋಗಲಿಲ್ಲ.

ದನ ಮನೆಗೆ ಬರುವ ಹೊತ್ತಿಗೆ ಹುಟ್ಟಿದಳು. ಹೆಣ್ಣು. ತಲೆತುಂಬಾ ಕೂದಲು. ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದಳು, ಅಳಲಿಲ್ಲ. ಕುಳ್ಳಮ್ಮ ಕಾಲು ಹಿಡಿದು ತೂಗಿದಳು, ಬೆನ್ನು ತಟ್ಟಿದಳು, ಕಿವಿಯ ಹತ್ತಿರ ಕಂಚಿನ ತಟ್ಟೆ ಬಡಿದಳು. ಅಳಲಿಲ್ಲ. ಹಿತ್ತಿಲ ನುಗ್ಗೆಮರದ ಬುಡದಲ್ಲಿ ಇಟ್ಟುಬಂದರು. ಹೆಸರೂ ಇಲ್ಲ. ಈ ಮನೆಯಲ್ಲಿ ಅವಳ ವಿಷಯವನ್ನು ಯಾರೂ ಎತ್ತುವುದಿಲ್ಲ, ಅವಳು ಹುಟ್ಟಿಯೇ ಇರಲಿಲ್ಲ ಎನ್ನುವ ಹಾಗೆ. ಎತ್ತಿದ್ದು ಒಂದೇ ಒಂದು ಮಾತು. ಬಂದವರಿಗೆಲ್ಲ ನಿಮ್ಮವ್ವ ಹೇಳುತ್ತಿದ್ದರು, "ನಮ್ ಸೊಸೆಗೆ ಎರೋವಾಗ ಮುಕ್ಕಾಕೆ ತಾಕತ್ತಿಲ್ಲ ಕಣವ್ವ. ಸ್ಕೂಲಿಗೋದ ಎಣ್ಣಲ್ವಾ?" ಬಾವಿಕಟ್ಟೆಯಲ್ಲಿ ನಿಮ್ಮತ್ತಿಗೆ ಹೀಗಂತೆ ಹೌದಾ ಎಂದು ಅವರಿವರು ನಿನ್ನನ್ನು ಕೇಳಿದಾಗ ನೀನು "ಊಂ" ಎಂದೆಯಂತೆ. ಆ ಊಂ ನನಗೆ ಬಂದು ಮುಟ್ಟಿತು. ಊರಲ್ಲಿ ಏನು ತಾನೇ ಮುಟ್ಟುವುದಿಲ್ಲ?

ಮಾವನ ಹಟ್ಟಿಯಲ್ಲಿ ಅಷ್ಟೊಂದು ಕುರಿಗಳಿವೆಯಲ್ಲ, ಒಂದಾದರೂ ಅಂಗಾತ ಬಿದ್ದು ಮರಿ ಹಾಕಿದ್ದನ್ನು ನೋಡಿದ್ದೀಯಾ? ಗಬ್ಬದ ಕುರಿ ಹಳ್ಳದಲ್ಲಿ ಅಂಗಾತ ಬಿದ್ದರೆ ಮಾವ ಉಣ್ಣುವ ಮುದ್ದೆ ಬಿಟ್ಟು ಓಡುತ್ತಾರೆ. ಹೊಟ್ಟೆಯ ಭಾರಕ್ಕೆ ಉಸಿರು ಕಟ್ಟಿ ಸಾಯುತ್ತದೆ ಎಂದು ಅವರಿಗೆ ಗೊತ್ತು. ಆವತ್ತು ಅವರೂ ನಿಮ್ಮಣ್ಣನೂ ಜಗಲಿಯ ಮೇಲೆ ಕೂತು ಉಣ್ಣೆ ಹಿಂಜುತ್ತಿದ್ದರು. ನಾನು ಕಿರಿಚಿದ್ದು ಇಬ್ಬರಿಗೂ ಕೇಳಿಸಿತ್ತು. ಕುರಿಗಿದ್ದ ಬೆಲೆ ನನಗಿರಲಿಲ್ಲ, ಅಷ್ಟೇ.

ಈಗ ನನ್ನ ಸುದ್ದಿ ಕೇಳು. ದೇವರಾಜು ನಿನ್ನ ಮಾತು ಹೇಳಿ ಹೋದ ಮಾರನೆಯ ದಿನ ನಾನು ಆ ಮಂಚವನ್ನು ಅಂಗಳಕ್ಕೆ ಎಳೆಸಿ ಹುಣಿಸೇಹಣ್ಣು ಹಾಕಿ ಹಿತ್ತಾಳೆಯ ಗುಂಡುಗಳನ್ನು ತಿಕ್ಕಿದೆ. ಮುಖ ಕಾಣುವ ಹಾಗೆ ತಿಕ್ಕಿದೆ. ತಿಕ್ಕುತ್ತಾ ಸೋಬಾನೆ ಪದ ಹೇಳಿಕೊಂಡೆ. ನಿಮ್ಮವ್ವ ನೋಡಿ, "ಸೊಸೆಗೆ ಈಗ ಬುದ್ದಿ ಬತ್ತಾ ಐತೆ" ಎಂದು ಮೆಚ್ಚಿದರು. ನನ್ನ ಮನಸ್ಸಿನಲ್ಲಿದ್ದದ್ದು ಬೇರೆ. ಮಲಗಲಿ, ಅವಳೂ ಮಲಗಲಿ. ಅವಳ ಭುಜ ಒತ್ತಿ ಹಿಡಿಯುವ ಸರದಿ ನನ್ನದು. ಹೇಳಬೇಕಾದ ಮಾತೂ ಬಾಯಿಪಾಠವಾಗಿದೆ. ಹೀಗೆ ಯೋಚನೆ ಮಾಡುತ್ತಿದ್ದೆ ಬೀರಮ್ಮ. ನಿನ್ನಾಣೆಗೂ ಮಾಡುತ್ತಿದ್ದೆ.

ಮಂಚ ಹೊಳೆಯುವುದನ್ನು ನೋಡಿ ನಿಮ್ಮವ್ವನಿಗೆ ಹುರುಪು ಬಂತು. ದೊರೆಸಾನಿಯ ಸೊಳ್ಳೆಪರದೆ ಅಟ್ಟದ ಮೇಲಿದೆ, ಮಗಳ ಹೆರಿಗೆಗೆ ಅದನ್ನೂ ಕಟ್ಟಬೇಕು ಎಂದು ಏಣಿ ಹತ್ತಿದರು. ನಿಮ್ಮಣ್ಣ ಬರಲಿ ಅತ್ತೆ ಎಂದೆ. ಕೇಳಲಿಲ್ಲ. ಪರದೆಯ ಗಂಟು ಮೊದಲು ಬಿತ್ತು, ಹಿಂದೆಯೇ ಅತ್ತೆ ಬಿದ್ದರು. ಸೊಂಟದ ಕೆಳಗಿನ ಮೂಳೆ ಬಿರುಕು ಬಿಟ್ಟಿತು. ಮೂಳೆ ಕಟ್ಟುವ ಕರಿಯಯ್ಯ ಬಂದು ಮೊಟ್ಟೆ, ಉದ್ದಿನ ಹಿಟ್ಟು ಮೆತ್ತಿ, ಬಿದಿರಿನ ದಬ್ಬೆ ಕಟ್ಟಿ, ಎಲ್ಲರ ಎದುರಿಗೂ ಅಪ್ಪಣೆ ಕೊಟ್ಟ. "ಅಂಗಾತ್ಲೇ ಮನಗಿರ್ಬೇಕು ಕಣಮ್ಮ. ಮಗ್ಗುಲಾದ್ರೆ ಮೂಳೆ ಕೂಡಾಕಿಲ್ಲ. ಮ್ಯಾಲಕ್ಕಿರೋ ಗಟ್ಟಿ ಮಂಚ ಐತಾ ಮನೇಲಿ?"

ಐತಪ್ಪಾ, ಐತೆ ಎಂದೆ. ಹಲಗೆ ಹಾಸಿ ಅದರ ಮೇಲೇ ಮಲಗಿಸಿದೆವು. ಅಟ್ಟದಿಂದ ಬಿದ್ದವಳಿಗೆ ದಡಿ ತಗೊಂಡು ಹೇರಿದರು ಎಂಬ ಗಾದೆ ಇದೆಯಲ್ಲ, ಆ ದಡಿ ದೇವರೇ ತಂದು ನನ್ನ ಕೈಗೆ ಕೊಟ್ಟ ಹಾಗಾಯಿತು.

ಹೆದರಬೇಡ, ನಿಮ್ಮವ್ವನಿಗೆ ಊಟದಲ್ಲಿ ಕಡಿಮೆ ಮಾಡಿಲ್ಲ. ಮೈ ಒರೆಸುತ್ತೇನೆ, ತಲೆಗೆ ಎಣ್ಣೆ ಹಚ್ಚುತ್ತೇನೆ, ಗಂಜಿ ಆರಿಸಿ ಕುಡಿಸುತ್ತೇನೆ. ಊರವರು ಸೊಸೆ ಅಂದ್ರೆ ಇವಳು ಎನ್ನುತ್ತಿದ್ದಾರೆ. ಬಾಯಿ ಮಾತ್ರ ನನ್ನದು, ಅದಕ್ಕೆ ಯಾರ ದಬ್ಬೆಯೂ ಕಟ್ಟಿಲ್ಲ. ಎರಡನೆಯ ದಿನಕ್ಕೇ ಶುರುಮಾಡಿದರು. "ಸಿದ್ದವ್ವಾ, ಬೆನ್ನು ಉರೀತಾ ಐತೆ ಕಣವ್ವಾ. ಒಸಿ ಮಗ್ಗುಲಾಗ್ಸು." ನೋಡು, ಇಷ್ಟು ವರ್ಷ ಸಿದ್ಲಿಂಗೀ ಆಗಿದ್ದವಳು ಎರಡೇ ದಿನಕ್ಕೆ ಸಿದ್ದವ್ವ ಆದೆ! ನಾನು ಅವರ ಎರಡೂ ಭುಜದ ಮೇಲೆ ಕೈಯಿಟ್ಟು, ನಿನ್ನದೇ ದನಿಯಲ್ಲಿ ಹೇಳಿದೆ. "ಏಳ್ಬ್ಯಾಡಿ ಕಣತ್ತೆ. ದೊರೆಸಾನಿ ಮನಗಿದ್ದ ಮಂಚ. ಮರ್ವಾದೆ ಕಳೀಬ್ಯಾಡಿ." ಅವರು ಪಿಳಿಪಿಳಿ ನೋಡಿದರು. ಅರ್ಥವಾಗಿರಲಿಲ್ಲ. ಬೆನ್ನು ಉರಿ ಎಂದಾಗಲೆಲ್ಲ ಅದನ್ನೇ ಹೇಳಿದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಆ ಮಾತು ನಾಲಿಗೆಗೆ ಎಷ್ಟು ರುಚಿ ಎಂದು ನಿನಗೆ ಹೇಗೆ ಹೇಳಲಿ?

ಅರ್ಥವಾದದ್ದು ಬೇರೆ ಕಾರಣಕ್ಕೆ. ಮಲಗಿದಲ್ಲೇ ಅವರಿಗೆ ಕೆರೆ ಕಡೆಯ ಕೆಲಸ ಆಗಲಿಲ್ಲ. ಅಗಲದ ಮಣ್ಣಿನ ಬಾಣಲಿ ಇಟ್ಟು ನೋಡಿದೆ, ಹರಳೆಣ್ಣೆ ಕುಡಿಸಿ ನೋಡಿದೆ. ಹೊಟ್ಟೆ ಉಬ್ಬಿ ಕಲ್ಲಾಯಿತು. ಕೊನೆಗೆ ಮಟಮಟ ಮಧ್ಯಾಹ್ನ, ನಿಮ್ಮವ್ವ, ಊರಿಗೆಲ್ಲ ಬುದ್ಧಿ ಹೇಳುವ ತಿಮ್ಮಮ್ಮ, ಕೂಸಿನ ಹಾಗೆ ಅತ್ತುಕೊಂಡು ನನ್ನ ಕೈ ಹಿಡಿದರು. "ಅಂಗಾತ ಮನೀಕೊಂಡು ಎಂಗವ್ವಾ ಮುಕ್ಕಾದು? ಬಲವೇ ಬರಾಕಿಲ್ಲ. ಕುಕ್ಕರಗಾಲಲ್ಲಿ ಕುಂತ್ರೆ ತಾನಾಗೇ ಆಯ್ತದೆ."

ಬೀರಮ್ಮಾ, ನಾನು ಕೇಳಬೇಕೆಂದಿದ್ದ ಮಾತನ್ನು ಅವರ ಬಾಯಿಂದಲೇ ಅವರ ಹೊಟ್ಟೆ ಆಡಿಸಿತ್ತು. ನಾನು ಮುಖದ ಹತ್ತಿರ ಬಗ್ಗಿ ಕೇಳಿದೆ. "ಇಷ್ಟಕ್ಕೇ ಬಲ ಬರಾಕಿಲ್ವಾ ಅತ್ತೆ? ನಿಮಗೂ ಮುಕ್ಕಾಕೆ ತಾಕತ್ತಿಲ್ವಾ? ನೀವು ಸ್ಕೂಲಿಗೋದೋರೂ ಅಲ್ಲ. ನಾನು ಕೂಸು ಎರ್ತಿದ್ದೆ ಅತ್ತೆ, ಕೂಸು!"

ಅತ್ತೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ತಿರುಗಿಸಿಕೊಳ್ಳಲು ಅದೊಂದೇ ತಾನೇ ಅವರ ಕೈಲಿದ್ದದ್ದು. ಸಂಜೆ ಕರಿಯಯ್ಯನಿಗೆ ಹೇಳಿಕಳಿಸಿ, ಅವನು ಬಂದು ದಬ್ಬೆ ಸಡಿಲಿಸಿ, ಅವನೂ ನಿಮ್ಮಣ್ಣನೂ ಎರಡು ಕಡೆ ಎತ್ತಿ ಹಿಡಿದು, ಅಂತೂ ಆ ಕೆಲಸ ಆಯಿತು. ನಿಮ್ಮವ್ವನ ಬೆನ್ನಿಗೆ ಕೂತು ಭಾರ ಹೊತ್ತವಳು ನಾನು. ಇದನ್ನೂ ಬರೆದಿಡುತ್ತೇನೆ.

ಮಾರನೆಯ ದಿನ ಗಂಜಿ ಕುಡಿಸುವಾಗ ಚಮಚ ತಡೆದು ಹೇಳಿದರು. "ಸಿದ್ದವ್ವಾ, ನಿನ್ ಕಾಲಿಗೆ ಬೀಳ್ತೀನಿ, ನನ್ ಮಗಳ್ನ ಈ ಮಂಚ ಅತ್ತಿಸ್ಬ್ಯಾಡ ಕಣವ್ವಾ." ನಾನು ಬಟ್ಟಲು ಕೆಳಗಿಟ್ಟೆ. "ಯಾರ ಮಗಳ್ನ ಅತ್ತೆ? ನಿಮ್ ಮಗಳ್ನೋ, ನನ್ ಮಗಳ್ನೋ?" ಎಂದೆ. ಆಗ ಅತ್ತರು ನೋಡು. ಕಣ್ಣೀರು ಎರಡು ಕಡೆಯಿಂದ ಕಿವಿಗೆ ಇಳಿಯಿತು, ಅಂಗಾತ ಮಲಗಿ ಅತ್ತರೆ ಹಾಗೇ ಇಳಿಯುವುದು. ನನಗೂ ಇಳಿದಿತ್ತು. ಒರೆಸಿದೆ, ಗಂಜಿ ಕುಡಿಸಿದೆ. ಕನಿಕರ ಬಂತೇ ಎಂದು ಕೇಳಬೇಡ. ಬರಲಿಲ್ಲ. ಅವರ ಮಾತಿಗೆ ಆಗಲಿ ಎಂದೂ ಹೇಳಿಲ್ಲ, ಇಲ್ಲ ಎಂದೂ ಹೇಳಿಲ್ಲ. ಇವತ್ತಿಗೂ ಅವರಿಗೆ ಗೊತ್ತಿಲ್ಲ. ನಾನು ಹತ್ತಿರ ಹೋದಾಗಲೆಲ್ಲ ನನ್ನ ಮುಖ ನೋಡುತ್ತಾರೆ.

ನಿನಗೆ ಮಾತ್ರ ಹೇಳುತ್ತೇನೆ. ನೀನು ಆ ಮಂಚ ಹತ್ತುವುದಿಲ್ಲ. ಇದು ಕರುಣೆ ಎಂದು ತಿಳಿಯಬೇಡ. ನಿನ್ನನ್ನು ಅಂಗಾತ ಕೆಡವಿದರೆ ನನ್ನ ಸೇಡು ಒಂದೇ ದಿನಕ್ಕೆ ಮುಗಿದುಹೋಗುತ್ತದೆ, ಜೊತೆಗೆ ಹೊಟ್ಟೆಯಲ್ಲಿರುವ ಪಾಪದ ಕೂಸು ನನ್ನ ಲೆಕ್ಕಕ್ಕೆ ಬರುತ್ತದೆ. ನನಗೆ ಅದು ಸಾಲದು. ನಿಮ್ಮವ್ವ ನೋಡಬೇಕು. ಅವರ ಮಂಚವನ್ನು ನಡುಮನೆಗೆ ಹಾಕಿಸಿದ್ದೇನೆ, ಅಲ್ಲಿಂದ ಹೆರಿಗೆ ಕೋಣೆ ನೆಟ್ಟಗೆ ಕಾಣುತ್ತದೆ. ಬಾಗಿಲು ಹಾಕುವುದಿಲ್ಲ. ಸೊಸೆಗೆ ಬೇಡವೆಂದದ್ದನ್ನೆಲ್ಲ ಮಗಳಿಗೆ ಒಂದೊಂದಾಗಿ ಮಾಡುತ್ತೇನೆ, ಅವರು ದೊರೆಸಾನಿಯ ಮಂಚದ ಮೇಲೆ ಅಂಗಾತ ಮಲಗಿಕೊಂಡು ಒಂದೊಂದನ್ನೂ ನೋಡಲಿ.

ನೋವು ಸಣ್ಣದಿರುವಾಗ ನಿನ್ನನ್ನು ಅಂಗಳದಲ್ಲಿ ನಡೆಸುತ್ತೇನೆ. ನೋವು ಬಂದಾಗ ನಿಂತು ನನ್ನ ಕೊರಳಿಗೆ ಜೋತುಬೀಳು, ಮಂಡಿ ಸಡಿಲ ಬಿಡು. ಸುಸ್ತಾದರೆ ಮಗ್ಗುಲ ಮೇಲೆ ಮಲಗಿ ಕಣ್ಣು ಮುಚ್ಚು, ಸೊಂಟಕ್ಕೆ ಬಿಸಿನೀರಿನ ಬಟ್ಟೆ ಒತ್ತುತ್ತೇನೆ. ಬೆನ್ನಿಗೆ ಹೊಕ್ಕರೆ ಕಂಬಳಿಯ ಮೇಲೆ ಕೈಯೂರಿ ಮಂಡಿಯೂರು, ಎದೆಯನ್ನು ಉಣ್ಣೆಯ ಮೂಟೆಗೆ ಆನಿಸು, ಸೊಂಟ ತೂಗು. ಕುರಿ ಹಾಗೆ ಕಾಣ್ತೀನಿ ಎಂದು ನಾಚಿಕೆಪಡಬೇಡ, ಕುರಿಗೆ ನಮಗಿಂತ ಬುದ್ಧಿಯಿದೆ. ಮೂಟೆಯನ್ನು ಮಾವನೇ ತುಂಬಿಕೊಟ್ಟರು. ಯಾಕೆ ಎಂದು ಕೇಳಲಿಲ್ಲ, ಮೆತ್ತನೆಯ ಮರಿಯುಣ್ಣೆಯನ್ನೇ ಆರಿಸಿ ತುಂಬಿದರು. ಹಗ್ಗ ಹೊಸೆದದ್ದು ನಿಮ್ಮಣ್ಣ. ತೊಲೆಗೆ ಕಟ್ಟಿದ ಮೇಲೆ, ಭಾರ ತಡೆಯುತ್ತೋ ನೋಡ್ಬೇಕು, ನೀವೇ ಜೋತುಬೀಳಿ ಎಂದೆ. ಬಿದ್ದರು. ಅಟ್ಟದ ಧೂಳೆಲ್ಲ ಅವರ ತಲೆಯ ಮೇಲೆ ಸುರಿಯಿತು. ಅವರು ಜೋತಾಡಿಕೊಂಡೇ, "ಆವತ್ತೇ ಕಟ್ಬೇಕಿತ್ತು ಕಣೆ" ಎಂದರು. ಇನ್ನೂ ಸ್ವಲ್ಪ ಹೊತ್ತು ಜೋತಾಡಿ ಎಂದೆ.

ಕೊನೆಯ ನೋವಿಗೆ ನಾನೇ ಬೆನ್ನು ಕೊಡುತ್ತೇನೆ. ನಿನ್ನ ಅವ್ವನ ಜಾಗ ಅದು. ಅವರಿಗೆ ಏಳಲಾಗುವುದಿಲ್ಲ, ಅವರ ಎದುರಿಗೇ ಆ ಜಾಗದಲ್ಲಿ ನಾನು ಕೂರುತ್ತೇನೆ. ನೀನು ನನ್ನ ತೋಳು ಪರಚು, ಕಚ್ಚು, ನಾನು ಬಿಡುವುದಿಲ್ಲ. ಏಳ್ಬ್ಯಾಡ ಎನ್ನುವುದಿಲ್ಲ, ಏಳು ಎನ್ನುತ್ತೇನೆ. ಕೂಸು ಅತ್ತ ಕೂಡಲೇ ಅದನ್ನು ಮೊದಲು ಎತ್ತಿಕೊಳ್ಳುವವಳು ನಾನು. ಎತ್ತಿಕೊಂಡು ನಿಮ್ಮವ್ವನ ಮಂಚದ ಹತ್ತಿರ ಹೋಗಿ, ಅಳುವುದು ಕೇಳ್ತಾ ಅತ್ತೆ ಎಂದು ಕೇಳುತ್ತೇನೆ. ಅಷ್ಟೇ. ಅದಕ್ಕಿಂತ ಹೆಚ್ಚು ಏನೂ ಹೇಳುವುದಿಲ್ಲ.

ನಿನ್ನಿಂದ ಬೇಕಾದದ್ದು ಇಷ್ಟು. ಗಾಡಿ ಇಳಿದವಳೇ ಮನೆಯೊಳಗೆ ಬರಬೇಡ. ಮೊದಲು ಹಿತ್ತಿಲಿಗೆ ಹೋಗಿ ನುಗ್ಗೆಮರದ ಬುಡಕ್ಕೆ ಒಂದು ಚೊಂಬು ನೀರು ಹಾಕು. ಆಮೇಲೆ ಬಾವಿಕಟ್ಟೆಗೆ ಹೋಗು, ನೀನು ಬಂದ ಸುದ್ದಿ ಕೇಳಿ ಹೆಂಗಸರೆಲ್ಲ ಸೇರಿರುತ್ತಾರೆ. ನಮ್ಮ ಅತ್ತಿಗೆಗೆ ತಾಕತ್ತಿತ್ತು, ನಾವೇ ಅದುಮಿ ಹಿಡಿದೆವು ಎಂದು ಅವರಿಗೆ ಹೇಳು. ಊಂ ಎಂದ ಬಾಯಿಂದಲೇ ಹೇಳಬೇಕು. ಹೇಳದಿದ್ದರೂ ಬೆನ್ನು ಕೊಡುತ್ತೇನೆ, ಮಾತಿಗೆ ತಪ್ಪುವುದಿಲ್ಲ. ಆದರೆ ಕೂಸು ಹುಟ್ಟಿದ ಮೇಲೆ ನಿನ್ನ ಮುಖ ನೋಡುವುದಿಲ್ಲ.

ಗಾಡಿಯಲ್ಲಿ ಬರುವಾಗ ಹುಲ್ಲು ದಪ್ಪವಾಗಿ ಹಾಸಿಸಿಕೊಂಡು ಮಗ್ಗುಲಾಗಿ ಒರಗಿಕೋ. ಹುಣಸೂರಿನಲ್ಲಿ ಇಳಿದು ಒಂದಿಷ್ಟು ನಡೆದಾಡು. ದೇವರಾಜುಗೆ ನಮಸ್ಕಾರ ತಿಳಿಸು. ನಿಮ್ಮ ಅತ್ತೆ ಮಾವಂದಿರ ಪಾದಕ್ಕೂ ನನ್ನ ನಮಸ್ಕಾರ. ಹೊಟ್ಟೆಯಲ್ಲಿರುವ ಕೂಸಿಗೆ ಮಾತ್ರ ಮನಸಾರೆ ಆಶೀರ್ವಾದ, ಅದರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ಇಂತಿ,
ನಿನ್ನ ಬೆನ್ನಿಗೆ ಕೂರಲಿರುವ
ಸಿದ್ದಲಿಂಗಮ್ಮ

ಮರೆತಿದ್ದೆ. ಮಾವ ಕಂಬಳಿ ಗಂಟು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು "ಆಯ್ತೇನವ್ವಾ" ಎನ್ನುತ್ತಿದ್ದಾರೆ, ಬೇಗ ಬರೆಯುತ್ತೇನೆ. ಈ ಕಾಗದವನ್ನು ಅವರೇ ತರುತ್ತಾರೆ, ಅವರಿಗೆ ಓದಲು ಬಾರದು. ನನಗೂ ತಿಂಗಳು ನಿಂತಿದೆ ಬೀರಮ್ಮ. ನಿಮ್ಮಣ್ಣನಿಗೂ ಹೇಳಿಲ್ಲ, ನಿಮ್ಮವ್ವನಿಗಂತೂ ಇಲ್ಲ, ಮೊದಲು ಹೇಳುತ್ತಿರುವುದು ನಿನಗೆ. ಬೇಸಿಗೆ ಕಳೆಯುವ ಹೊತ್ತಿಗೆ ನನ್ನ ದಿನ ತುಂಬುತ್ತದೆ. ನನಗೆ ಅವ್ವ ಇಲ್ಲ. ಬಾಣಂತನ ಮುಗಿಯಿತು, ಕೋಟೆಗೆ ಹೊರಡುತ್ತೇನೆ ಎಂದರೆ ಬಿಡುವುದಿಲ್ಲ, ದೇವರಾಜು ಗಾಡಿ ತಂದರೆ ವಾಪಸು ಕಳಿಸುತ್ತೇನೆ. ಆ ಹಗ್ಗವನ್ನು ಬಿಚ್ಚುವುದಿಲ್ಲ. ನನ್ನ ಬೆನ್ನಿಗೆ ನೀನೇ ಕೂರಬೇಕು, ನನ್ನ ಭುಜ ಒತ್ತಿದ ಅದೇ ಕೈಗಳಿಂದ ನನ್ನನ್ನು ಎತ್ತಿ ಹಿಡಿಯಬೇಕು. ಬಳೆ ತೆಗೆದಿಟ್ಟು ಬಾ. ಇವತ್ತಿನಿಂದ ನಾನು ಉಗುರು ತೆಗೆಯುವುದಿಲ್ಲ.